ಜೋರ್ಡನ್ ಕಾರ್ಡ್: ಅಸಲಿ ಯಾವುದು, ನಕಲಿ ಯಾವುದು?

ಮಾನ್ಯರೇ,

ಬ್ಯಾಸ್ಕೆಟ್‌ಬಾಲ್ ಅಂದರೆ ನನ್ನ ಮಗನಿಗೆ ಪ್ರಾಣ. ಹಬ್ಬಕ್ಕೆ ಸಿಕ್ಕ ದುಡ್ಡು ಕೂಡಿಟ್ಟು, ಮೈಕೆಲ್ ಜೋರ್ಡನ್ ಅವರ 1986ರ ಫ್ಲೀರ್ ರೂಕಿ ಕಾರ್ಡನ್ನು (ಫ್ಲೀರ್ ಕಂಪನಿ ಮುದ್ರಿಸಿದ, ಆಟಗಾರನ ಆರಂಭದ ದಿನಗಳ ಚಿತ್ರವಿರುವ ಸಂಗ್ರಹದ ಕಾರ್ಡ್) 3,000 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದ. ಅದು ಮರುಮುದ್ರಣ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಸಲಿ ಕಾರ್ಡ್ 132 ಕಾರ್ಡ್‌ಗಳ ಸೆಟ್‌ನಲ್ಲಿ 57ನೆಯದು. ಮೂಲೆಗಳು ಚೂಪಾಗಿರಬೇಕು, ಚಿತ್ರ ನಟ್ಟನಡುವೆ ಇರಬೇಕು, ಅಂಚಿನ ಬಣ್ಣ ಎದ್ದಿರಬಾರದು. ಬೆಲೆ ನಿಲ್ಲುವುದು ಇದರ ಮೇಲೆಯೇ. ಕಾರ್ಡ್‌ಗಳ ಸ್ಥಿತಿ ಪರೀಕ್ಷಿಸಿ ಅಂಕ ಕೊಡುವ ಪಿಎಸ್‌ಎ ಸಂಸ್ಥೆ ಪೂರ್ತಿ 10 ಅಂಕ ಕೊಟ್ಟ ಕಾರ್ಡ್ 2021ರಲ್ಲಿ 7,38,000 ಡಾಲರ್‌ಗೆ ಹರಾಜಾಯಿತು. ಅಸಲಿ ಮೂರು ಸಾವಿರಕ್ಕೆ ಸಿಗಲ್ಲ, ಅಲ್ವಾ? ಭೂತಗನ್ನಡಿ ಹಿಡಿದು ನೋಡಿದೆವು. ಅಸಲಿಯಲ್ಲಿ ಕಪ್ಪು ಅಕ್ಷರ ಗಟ್ಟಿ ಬಣ್ಣ. ನಮ್ಮದರಲ್ಲಿ ಅದೇ ಅಕ್ಷರ ಬರೀ ಚುಕ್ಕಿ ಚುಕ್ಕಿ.

ಮಕ್ಕಳು ಕೊಳ್ಳುವ ಇಂಥ ವಸ್ತುಗಳ ಮೇಲೆ ‘ಮರುಮುದ್ರಣ’ ಎಂದು ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿ.

– ಒಬ್ಬ ತಂದೆ, ಶಿರಾ ಗೇಟ್, ತುಮಕೂರು