ಬಿದನೂರಿನ ನಕ್ಷೆ ಕೊಳ್ಳುವ ಮುಂಚೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ನಕ್ಷೆಯ ಫೋಟೋ ನೋಡಿ ತುಂಬಾ ಖುಷಿಯಾಯಿತು. ಬೆಂಗಳೂರಿನ ಅಂಗಡಿಯೊಂದರಲ್ಲಿ ನಮ್ಮ ಬಿದನೂರು ಸಿಗುತ್ತದೆ ಅಂದರೆ ಸುಮ್ನೆ ಮಾತಲ್ಲ. ಆದರೆ ಕೊಳ್ಳಲಾ ಬೇಡ್ವಾ ಅಂತ ಫೋಟೋ ನೋಡಿ ಹೇಳೋದು ಕಷ್ಟ ಮಾರಾಯ. ಹಳೆಯ ನಕ್ಷೆಯನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಇನ್ನೊಮ್ಮೆ ಅಂಗಡಿಗೆ ಹೋಗು. ನಕ್ಷೆಯನ್ನು ಕಿಟಕಿಯ ಹತ್ತಿರ ಒಯ್ದು, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿ. 18ನೇ ಶತಮಾನದಲ್ಲಿ ಇಂಥ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೊರೆಯುತ್ತಿದ್ದರು. ಕೊರೆದ ಗೆರೆಗಳಿಗೆ ಶಾಯಿ ತುಂಬಿ, ಮೇಲಿನ ಶಾಯಿಯನ್ನು ಒರೆಸಿ, ಒದ್ದೆ ಕಾಗದ ಹೊದಿಸಿ, ಆಲೆಮನೆಯಲ್ಲಿ ಕಬ್ಬು ಕೊಟ್ಟ ಹಾಗೆ ಎರಡು ಉರುಳೆಗಳ ನಡುವೆ ಹಾಯಿಸುತ್ತಿದ್ದರು. ಆ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ಸುತ್ತಲೂ ತಗ್ಗಾಗಿ ಉಳಿಯುತ್ತದೆ. ಯಾರಾದರೂ ಅಂಚು ಕತ್ತರಿಸಿದ್ದರೆ ಅದು ಕಾಣದೇ ಇರಬಹುದು. ಆಗ ಭೂತಗನ್ನಡಿ ಹಿಡಿ. ಗೆರೆ ತುಂಡಾಗದೆ ಕಪ್ಪಗೆ ಹರಿದು, ತುದಿಗೆ ಬರುತ್ತಾ ಸಣ್ಣಗಾಗಬೇಕು. ಶಾಯಿ ಕಾಗದದಿಂದ ಚೂರು ಮೇಲೆದ್ದಿರಬೇಕು. ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದು ಕಂಡರೆ ಅದು ಈಚಿನ ಆಫ್‌ಸೆಟ್ ಪ್ರಿಂಟು. ಮಾತಾಡದೆ ವಾಪಸ್ ಕೊಟ್ಟು ಬಾ.

ಕಾಗದ ಹಳದಿಯಾಗಿದ್ದರೆ ಹಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಅದನ್ನು ನಂಬಬೇಡ. 18ನೇ ಶತಮಾನದ ಯುರೋಪಿನ ಕಾಗದ ಬಟ್ಟೆಯ ಚಿಂದಿಯಿಂದ ಮಾಡಿದ್ದು. ಚೆನ್ನಾಗಿ ಇಟ್ಟಿದ್ದರೆ ಇವತ್ತಿಗೂ ಗಟ್ಟಿಯಾಗಿರುತ್ತದೆ. ಮರದ ತಿರುಳಿನ ಕಾಗದ ಬಂದಮೇಲೆ ಒಳಗಿನ ಆಮ್ಲದಿಂದ ಹಳದಿಯಾಗಿ ಪುಡಿಯಾಗೋದು ಜಾಸ್ತಿಯಾಯಿತು. ಬಣ್ಣದ ವಿಷಯದಲ್ಲೂ ಹುಷಾರು. ಬರೀ ಕಪ್ಪು ಗೆರೆಯ ನಕ್ಷೆಗೆ ಮೊನ್ನೆ ಮೊನ್ನೆ ಬಣ್ಣ ಹಚ್ಚಿ ರೇಟು ಏರಿಸುತ್ತಾರೆ. ನನಗಂತೂ ಬಣ್ಣವಿಲ್ಲದ್ದೇ ಇಷ್ಟ.

ನಮ್ಮ ಮಲೆನಾಡಿನ ಮೂಲೆಯ ಊರು ಲಂಡನ್ನಿನ ನಕ್ಷೆಗಾರರಿಗೆ ಯಾಕೆ ಬೇಕಾಯಿತು ಅಂತ ಕೇಳಿದ್ದೀಯಲ್ಲ. ಯುದ್ಧ ಕಣೋ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರ ಅಂತ ಕರೆದ, ಅದೇ ಈಗಿನ ನಗರ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಅದನ್ನು ಹಿಡಿದ, ಅದೇ ವರ್ಷ ಟಿಪ್ಪು ವಾಪಸ್ ಕಿತ್ತುಕೊಂಡ. ಲಂಡನ್ನಿನ ಜನಕ್ಕೆ ಈ ಸುದ್ದಿ ಓದುವಾಗ ಜಾಗ ಎಲ್ಲಿದೆ ಅಂತ ತಿಳಿಯಬೇಕಿತ್ತು. ಹಿಂದೂಸ್ತಾನದ ಪ್ರಸಿದ್ಧ ನಕ್ಷೆ ಮಾಡಿದ ಜೇಮ್ಸ್ ರೆನೆಲ್ ಅಳೆದದ್ದು ಬಂಗಾಳವನ್ನು. ಉಳಿದ ಕಡೆಗೆ ಸೈನ್ಯ ನಡೆದ ದಾರಿಯ ಲೆಕ್ಕ, ಬೇರೆಯವರ ಟಿಪ್ಪಣಿಗಳನ್ನು ಕೂಡಿಸಿಕೊಂಡ. ಮೈಸೂರು ಸೀಮೆಯ ಸರಿಯಾದ ಸರ್ವೆ ಶುರುವಾದದ್ದು 1799ರ ನಂತರ, ಕಾಲಿನ್ ಮೆಕೆಂಜಿಯಿಂದ. ಹಾಗಾಗಿ ಅದಕ್ಕಿಂತ ಹಳೆಯ ನಕ್ಷೆಯಲ್ಲಿ ಊರು ಆಚೀಚೆ ಸರಿದಿದ್ದರೆ ಬೇಜಾರು ಮಾಡ್ಕೋಬೇಡ. ರೆನೆಲ್‌ನ ನಕ್ಷೆಗಳು ಡೇವಿಡ್ ರಮ್ಸಿ ಸಂಗ್ರಹದಲ್ಲಿ ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ನಿನ್ನದನ್ನು ಪಕ್ಕದಲ್ಲಿಟ್ಟು ಹೋಲಿಸು.

ಅದೇ ಅಂಗಡಿಯಲ್ಲಿ ರಾಬರ್ಟ್ ಹೋಮ್‌ನ ಚಿತ್ರಗಳೂ ಇವೆ ಅಂದೆಯಲ್ಲ. ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದು ಮೈಸೂರು ಸೀಮೆಯ ಚಿತ್ರ ಬರೆದ ಇಂಗ್ಲಿಷ್ ಚಿತ್ರಕಾರ ಆತ. 1794ರಲ್ಲಿ ಪುಸ್ತಕವಾಗಿ ಬಂತು. ಒಂದು ಮಾತು ಕೇಳು. ಇಡೀ ಪುಸ್ತಕವನ್ನು ಈಗ ಹರಿದು ಹಾಳೆ ಹಾಳೆ ಮಾರುತ್ತಿದ್ದರೆ ದಯವಿಟ್ಟು ಒಂದನ್ನೂ ಕೊಳ್ಳಬೇಡ. ಇನ್ನೂರು ವರ್ಷ ಒಟ್ಟಿಗೆ ಉಳಿದದ್ದನ್ನು ಗೋಡೆಯ ಅಂದಕ್ಕೆ ಚೆಲ್ಲಾಪಿಲ್ಲಿ ಮಾಡೋದು ನನ್ನಿಂದ ನೋಡಲಾಗೋದಿಲ್ಲ.

ನನ್ನ ಹತ್ತಿರ ಇರುವುದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದು ತಾಮ್ರದ ತಗಡಿನದೂ ಅಲ್ಲ, ದುಬಾರಿಯೂ ಅಲ್ಲ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆ, ಮೈಲಿಗೆ ಒಂದಿಂಚು ಲೆಕ್ಕದ್ದು. ಜೋಗದ ಸುತ್ತಿನ ಶರಾವತಿ ಕಣಿವೆ ಅದರಲ್ಲಿದೆ. 1948ರ ಮಡೆನೂರು ಅಣೆಕಟ್ಟೂ ಇಲ್ಲ, 1964ರ ಲಿಂಗನಮಕ್ಕಿಯೂ ಇಲ್ಲ. ಈಗ ನೀರು ಹರಡಿಕೊಂಡಿರುವ ಕಡೆ ಬರೀ ಸಪೂರ ಹೊಳೆ, ಅದಕ್ಕೆ ಸೇರುವ ಹಳ್ಳಗಳು, ಕಾಲುದಾರಿಯ ಚುಕ್ಕಿಗೆರೆ, ಮನೆ ತೋರಿಸುವ ಪುಟ್ಟ ಚೌಕಗಳು. ಮುಳುಗಡೆಯಿಂದ ಎದ್ದು ಬಂದ ಮನೆಯ ಅಜ್ಜಿಯೊಬ್ಬರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹೊಳೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಮೇಲಕ್ಕೆ ಹೋದರು. ಒಂದು ತಿರುವಿನ ಹತ್ತಿರ ನಿಲ್ಲಿಸಿ, 'ಇಲ್ಲಿ ನಮ್ಮ ಗದ್ದೆ, ಆಚೆ ದಡದಲ್ಲಿ ತೋಟ' ಅಂದರು. 2025ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ, ಎರಡು ಕಿಲೋಮೀಟರಿಗೂ ಉದ್ದದ್ದು. ಅದರ ಮೇಲೆ ಹೋಗುವಾಗಲೆಲ್ಲ ನನಗೆ ಆ ಹಾಳೆಯೇ ಕಣ್ಣ ಮುಂದೆ ಬರುತ್ತದೆ. ನಿನ್ನ ದುಡ್ಡು ಸ್ವಲ್ಪವೇ ಇದ್ದರೆ ನಾನು ಇಂಥದ್ದನ್ನೇ ಕೊಳ್ಳು ಅನ್ನುತ್ತೇನೆ.

ಬಿದನೂರನ್ನೇ ತಗೊಂಡರೆ ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಮುಟ್ಟಿಸಬೇಡ. ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡು. ನಗರದ ನಿನ್ನ ಹಳೇ ಮನೆಯಲ್ಲಂತೂ ತೂಗುಹಾಕಬೇಡ. ಆಷಾಢದಲ್ಲಿ ಅಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕಾಗದ ಬಿಡುತ್ತದಾ? ಇನ್ನೊಂದು, ನಿನ್ನ ತಮ್ಮನಿಗೆ ಅಮೆರಿಕಕ್ಕೆ ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡು. ನೂರು ವರ್ಷ ದಾಟಿದ ಇಂಥ ಹಳೆಯ ವಸ್ತುವನ್ನು ದೇಶದಿಂದಾಚೆ ಒಯ್ಯದಂತೆ 1972ರ ಕಾಯ್ದೆ ಇದೆ.

ದೀಪಾವಳಿ ಕಳೆದ ಮೇಲೆ ಸಾಗರಕ್ಕೆ ಬಾ. ಮಳೆಗಾಲದಲ್ಲಿ ನಾನು ಪೆಟ್ಟಿಗೆ ತೆರೆಯೋದಿಲ್ಲ. ಬರುವಾಗ ನಿನ್ನ ಅಪ್ಪಯ್ಯನನ್ನೂ ಕರಕೊಂಡು ಬಾ. ಕಾರೂರು ಕಡೆಯ ಹಳೇ ದಾರಿಗಳು ಅವರಿಗೆ ಗೊತ್ತಿವೆ, ಹಾಳೆಯಲ್ಲಿ ನನಗೆ ಹೊಂದದ ಕೆಲವು ಜಾಗಗಳನ್ನು ಕೇಳಬೇಕು.

ಇಂತಿ ನಿನ್ನ ಗೆಳೆಯ,
ಸಾಗರದಿಂದ