ವಿದೇಶಕ್ಕೆ ಹಣ ಕಳಿಸುವ ಅರ್ಜಿ ಇನ್ನು ನಮ್ಮ ಕೌಂಟರಿನಲ್ಲಿ ಇಲ್ಲ: ಸದಸ್ಯ ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ,

ಹೊರದೇಶದಲ್ಲಿ ಓದುತ್ತಿರುವ ಮಕ್ಕಳಿಗೆ ಹಣ ಕಳಿಸಲು ನಿಮ್ಮಿಂದ ಎ2 ಫಾರಂ ತುಂಬಿಸಿಕೊಂಡು, ಶಿರಸಿಯ ಬ್ಯಾಂಕ್ ಶಾಖೆಗೆ ಮುಟ್ಟಿಸುತ್ತಿದ್ದ ಸೇವೆಯನ್ನು ಬರುವ ತಿಂಗಳ 1ರಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಈ ಕೆಲಸವನ್ನು ನೀವೇ ನಿಮ್ಮ ಬ್ಯಾಂಕಿನ ಮೊಬೈಲ್ ಆ್ಯಪ್‌ನಲ್ಲಿ ಮಾಡಿಕೊಳ್ಳಬೇಕು. ಹೇಗೆ ಮಾಡುವುದೆಂದು ತೋರಿಸಿಕೊಡುತ್ತೇವೆ, ಅದಕ್ಕೆ ಶುಲ್ಕವಿಲ್ಲ.

ವಿದೇಶಿ ವಿನಿಮಯದ ಪರವಾನಗಿ ಇರುವುದು ಬ್ಯಾಂಕಿಗೆ, ನಮ್ಮಂಥ ಪತ್ತಿನ ಸಹಕಾರಿಗಲ್ಲ. ನಾವು ಮಾಡುತ್ತಿದ್ದದ್ದು ಕಾಗದ ಹೊರುವ ಕೆಲಸ. ಆ ಕಾಗದ ಈಗ ಆ್ಯಪ್‌ನೊಳಗೇ ಬಂದಿದೆ. ಮಧ್ಯೆ ನಾವು ನಿಂತರೆ ನಿಮಗೆ ಒಂದು ದಿನ ತಡ, ಮೇಲಿಂದ ಸೇವಾ ಶುಲ್ಕ. ಅಡಿಕೆ ಟೆಂಡರಿನ ಹಣ ಜಮಾ ಆದ ಸಂಜೆಯೇ ಫೀಸಿನ ಕೊನೆಯ ದಿನ ಎದುರಿಗಿರುವವರಿಗೆ ಆ ಒಂದು ದಿನ ಸಣ್ಣದಲ್ಲ.

ಮೊದಲಿಗೆ, ಬಹಳ ಜನ ಕೇಳುವ ಪ್ರಶ್ನೆ: ‘ಫೋನ್‌ಪೇಯಲ್ಲಿ, ಗೂಗಲ್‌ಪೇಯಲ್ಲಿ ಇಂಟರ್‌ನ್ಯಾಷನಲ್ ಅಂತ ಇದೆಯಲ್ಲ, ಅದರಲ್ಲೇ ಮಗಳಿಗೆ ಹಾಕಬಹುದಾ?’ ಆಗುವುದಿಲ್ಲ. ಅದು ನೀವೇ ಶ್ರೀಲಂಕಾಕ್ಕೋ ಮಾರಿಷಸ್‌ಗೋ ಹೋದಾಗ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡಲು ಇರುವ ವ್ಯವಸ್ಥೆ. ಮನೆಯಲ್ಲಿ ಕೂತು ಅಲ್ಲಿರುವವರ ಖಾತೆಗೆ ಹಾಕಲು ಅಲ್ಲ.

ಇದಕ್ಕೆ ಅಪವಾದ ಸಿಂಗಾಪುರ. 2023ರ ಫೆಬ್ರವರಿ 21ರಂದು ನಮ್ಮ ಯುಪಿಐ ಮತ್ತು ಅಲ್ಲಿನ ಪೇನೌ ಎರಡನ್ನೂ ಜೋಡಿಸಿದರು. ಅಲ್ಲಿರುವವರ ಪೇನೌಗೆ ನೋಂದಾಯಿಸಿದ ಮೊಬೈಲ್ ನಂಬರ್ ಹಾಕಿದರೆ ಹಣ ತಕ್ಷಣ ಹೋಗುತ್ತದೆ. ದಿನಕ್ಕೆ ₹60,000ದ ಮಿತಿ. ಉದ್ದೇಶ ಸಂಬಂಧಿಕರ ಜೀವನ ನಿರ್ವಹಣೆ ಅಥವಾ ಉಡುಗೊರೆ ಆಗಿರಬೇಕು. ಇಲ್ಲಿಂದ ಕಳಿಸುವ ಸೌಲಭ್ಯ ಶುರುವಾದದ್ದು ಸ್ಟೇಟ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಮತ್ತು ಐಸಿಐಸಿಐ ಬ್ಯಾಂಕುಗಳಲ್ಲಿ. ಅಲ್ಲಿಂದ ಬರುವ ಹಣವನ್ನು 2025ರ ಜುಲೈಯಿಂದ ಕೆನರಾ ಬ್ಯಾಂಕ್ ಸೇರಿ ಇನ್ನೂ ಹಲವು ಬ್ಯಾಂಕುಗಳು ಪಡೆಯುತ್ತಿವೆ. ತಿಂಗಳ ಖರ್ಚಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಜರ್ಮನಿ, ಆಸ್ಟ್ರೇಲಿಯಾ, ಅಮೆರಿಕಕ್ಕೆ ಕಳಿಸುವವರು ಬ್ಯಾಂಕಿನ ಆ್ಯಪ್‌ನಲ್ಲಿ ‘ಔಟ್‌ವರ್ಡ್ ರೆಮಿಟೆನ್ಸ್’ ಎಂಬಲ್ಲಿಗೆ ಹೋಗಬೇಕು. ಪ್ಯಾನ್ ಕಡ್ಡಾಯ. ಜರ್ಮನಿಯ ಖಾತೆ ಸಂಖ್ಯೆ, ಅಂದರೆ ಐಬ್ಯಾನ್, ‘ಡಿಇ’ ಎಂದು ಶುರುವಾಗಿ ಒಟ್ಟು 22 ಸ್ಥಾನ ಇರುತ್ತದೆ. ಆ ಎರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅಂಕಿಯೇ. ದುಂಡಗೆ ಕಂಡದ್ದು ಸೊನ್ನೆ, ಇಂಗ್ಲಿಷ್ ‘ಓ’ ಅಲ್ಲ. ಮಕ್ಕಳು ಫೋಟೋ ಕಳಿಸಿದರೆ ಅದನ್ನು ನೋಡಿ ಟೈಪ್ ಮಾಡಬೇಡಿ. ಮೆಸೇಜಿನಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ, ಕಾಪಿ ಮಾಡಿ ಹಾಕಿ.

ಉದ್ದೇಶದ ಕೋಡ್ ಆರಿಸುವಲ್ಲಿ ಅವಸರ ಬೇಡ. ವಿದ್ಯಾಭ್ಯಾಸದ ಫೀಸು, ಹಾಸ್ಟೆಲ್ ಖರ್ಚಿಗೆ ಎಸ್0305. ಕುಟುಂಬ ನಿರ್ವಹಣೆಗೆ ಎಸ್1301. ಪಟ್ಟಿಯಲ್ಲಿ ಮೊದಲು ಕಂಡದ್ದು ‘ಗಿಫ್ಟ್’ ಎಂದು ಅದನ್ನೇ ಒತ್ತಿದರೆ ತೆರಿಗೆಯ ಲೆಕ್ಕವೇ ಬದಲಾಗುತ್ತದೆ. ಒಂದು ಹಣಕಾಸು ವರ್ಷದಲ್ಲಿ ಒಂದು ಪ್ಯಾನ್ ಮೇಲೆ ಎಲ್ಲ ಬ್ಯಾಂಕುಗಳಿಂದ ಸೇರಿ ₹10 ಲಕ್ಷದವರೆಗೆ ಕಳಿಸಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಇಲ್ಲ. ದಾಟಿದ ಮೊತ್ತದ ಮೇಲೆ ಉಡುಗೊರೆ, ನಿರ್ವಹಣೆ ಎಂದಾದರೆ ಶೇ. 20, ಶಿಕ್ಷಣಕ್ಕೆ ಅದಕ್ಕಿಂತ ಬಹಳ ಕಡಿಮೆ ದರ. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಏನೂ ಇಲ್ಲ. ನಮ್ಮ ಸಹಕಾರಿಯಲ್ಲಿ ತೆಗೆದ ಸಾಲಕ್ಕೆ ಮಾತ್ರ ಈ ವಿನಾಯಿತಿ ಸಿಗುವುದಿಲ್ಲ. ಸಾಲ ಕೊಡುವ ನಾವೇ ಇದನ್ನು ಹೇಳಬೇಕಾಗಿದೆ, ಹೇಳುತ್ತಿದ್ದೇವೆ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ) ಇಡಬೇಕಾದ್ದು ವರ್ಷಕ್ಕೆ 11,904 ಯೂರೋ. ಲೆಕ್ಕಕ್ಕೆ ಯೂರೋಗೆ ನೂರು ರೂಪಾಯಿ ಹಿಡಿದರೂ ₹11,90,400 ಆಯಿತು, ಮಿತಿ ದಾಟಿತು. ಕೋಡ್ ತಪ್ಪಿ ಶೇ. 20 ಬಿದ್ದರೆ ₹38,080 ಹೆಚ್ಚುವರಿಯಾಗಿ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು, ನಿಜ, ಆದರೆ ಅಲ್ಲಿಯವರೆಗೆ ನಿಮ್ಮ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ. ಅಪ್ಪ ಸ್ವಲ್ಪ, ಅಮ್ಮ ಸ್ವಲ್ಪ, ತಂತಮ್ಮ ಖಾತೆಯಿಂದ ಕಳಿಸಿದರೆ ಇಬ್ಬರ ಮಿತಿಯೂ ಬೇರೆಬೇರೆ. ಮಾರ್ಚ್ 31ರ ಒಳಗೆ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಎಂದು ಹೊಂದಿಸಿಕೊಂಡರೂ ಆಗುತ್ತದೆ.

‘ಶುಲ್ಕ ಸೊನ್ನೆ’ ಎಂಬ ಜಾಹೀರಾತಿಗೆ ಮರುಳಾಗುವ ಮೊದಲು ಆ್ಯಪ್ ತೋರಿಸುವ ದರ ನೋಡಿ. ಡಾಲರಿಗೆ ಮಾರುಕಟ್ಟೆಗಿಂತ ಒಂದೂವರೆ ರೂಪಾಯಿ ಜಾಸ್ತಿ ಹಿಡಿದಿದ್ದರೆ 2,000 ಡಾಲರಿಗೆ ₹3,000 ಅಲ್ಲೇ ಹೋಯಿತು. ವಿನಿಮಯದ ಮೇಲಿನ ಜಿಎಸ್‌ಟಿ ತಪ್ಪಿದ್ದಲ್ಲ, ಆದರೆ ದೊಡ್ಡದೂ ಅಲ್ಲ: ₹50,000ಕ್ಕೆ ₹90, ₹2 ಲಕ್ಷಕ್ಕೆ ₹270. ಕಾಲೇಜಿನ ಫೀಸಾದರೆ ಮಧ್ಯದ ಬ್ಯಾಂಕುಗಳ ಖರ್ಚನ್ನೂ ನೀವೇ ಹೊರುವ ‘ಅವರ್’ (OUR) ಆಯ್ಕೆ ಒತ್ತಿ. ಇಲ್ಲದಿದ್ದರೆ ದಾರಿಯಲ್ಲಿ ಹತ್ತಿಪ್ಪತ್ತು ಡಾಲರ್ ಕಡಿತವಾಗಿ, ಫೀಸು ಪೂರ್ತಿ ಬಂದಿಲ್ಲವೆಂದು ಕಾಲೇಜು ಪತ್ರ ಬರೆಯುತ್ತದೆ.

ಊರಲ್ಲಿ ನಡೆಯುವ ಇನ್ನೊಂದು ವಹಿವಾಟಿನ ಬಗ್ಗೆಯೂ ಹೇಳಿಬಿಡುತ್ತೇವೆ. ‘ನನ್ನ ಮಗ ಅಲ್ಲಿ ನಿಮ್ಮ ಮಗನಿಗೆ ಡಾಲರ್ ಕೊಡುತ್ತಾನೆ, ನೀವು ಇಲ್ಲಿ ನನ್ನ ಖಾತೆಗೆ ರೂಪಾಯಿ ಹಾಕಿ.’ ನೆಂಟರ ನಡುವಿನ ವಿಶ್ವಾಸದ ಮಾತಿನಂತೆ ಕೇಳಿಸುತ್ತದೆ, ಆದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 3ನೇ ಕಲಮಿನ ಪ್ರಕಾರ ಇದಕ್ಕೆ ಅವಕಾಶವಿಲ್ಲ. ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಇಂಥ ಉದ್ದೇಶಕ್ಕೆಂದು ತಿಳಿದರೆ ನಮ್ಮಲ್ಲಿ ಆ ವರ್ಗಾವಣೆ ಮಾಡಿಕೊಡುವುದಿಲ್ಲ, ಹೇಳುವವರು ನಿರ್ದೇಶಕರಾದರೂ ಸರಿ.

ಕಲಿಸಿಕೊಡುವ ವ್ಯವಸ್ಥೆ ಹೀಗಿದೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 10ರಿಂದ 1ರವರೆಗೆ ಕಚೇರಿಯಲ್ಲಿ ಒಬ್ಬರು ನಿಮ್ಮ ಪಕ್ಕ ಕೂತು ತೋರಿಸುತ್ತಾರೆ. ಫೋನ್ ನಿಮ್ಮ ಕೈಯಲ್ಲೇ ಇರಬೇಕು. ನಮ್ಮವರು ಅದನ್ನು ಮುಟ್ಟುವುದಿಲ್ಲ, ಪಿನ್ ಹಾಕುವಾಗ ಮುಖ ಆಚೆ ತಿರುಗಿಸುತ್ತಾರೆ. ‘ತಮ್ಮಾ, ನೀನೇ ಒತ್ತಿಬಿಡು’ ಎಂದು ಯಾರೂ ಒತ್ತಾಯಿಸಬೇಡಿ. ಸಹಕಾರಿಯ ಹೆಸರು ಹೇಳಿ ಯಾರಾದರೂ ಫೋನ್ ಮಾಡಿ, ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ ಕೂಡಲೇ ಕರೆ ಕತ್ತರಿಸಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಕಣಿವೆಯ ಮನೆಗಳಲ್ಲಿ ಒಟಿಪಿ ಬರುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ, ಗೊತ್ತು. ವೈಫೈ ಇದ್ದರೂ ಎಸ್ಎಂಎಸ್‌ಗೆ ಸಿಗ್ನಲ್ ಬೇಕು. ಕಚೇರಿಯ ಜಗಲಿಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಕೆಲಸದ ದಿನಗಳಲ್ಲಿ ಯಾವಾಗ ಬೇಕಾದರೂ ಬಂದು ಕೂತು ಮಾಡಿಕೊಳ್ಳಿ. ಬರುವಾಗ ಪ್ಯಾನ್, ಪಾಸ್‌ಬುಕ್, ಕಾಲೇಜಿನ ಫೀಸಿನ ಪತ್ರ ತನ್ನಿ. ಶನಿವಾರ, ಭಾನುವಾರ ವಿನಿಮಯ ಮಾರುಕಟ್ಟೆಗೆ ರಜೆ, ಆದ್ದರಿಂದ ಕೊನೆಯ ದಿನ ಸೋಮವಾರ ಇರುವವರು ಗುರುವಾರವೇ ಬರುವುದು ಒಳ್ಳೆಯದು.

ಈ ತಿಂಗಳ ಕೊನೆಯವರೆಗೆ ಕೊಟ್ಟ ಅರ್ಜಿಗಳನ್ನು ಹಳೆಯ ಕ್ರಮದಲ್ಲೇ ಬ್ಯಾಂಕಿಗೆ ತಲುಪಿಸುತ್ತೇವೆ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ