ಕಾನೂನು ರದ್ದಾಗಿಲ್ಲ, ಡಲ್ಲಾಸ್ ಪಾಸ್ಟರ್ ಬಿಷಪ್ಪರೂ ಅಲ್ಲ

ಮಾನ್ಯ ಸಂಪಾದಕರೇ,

ಡಲ್ಲಾಸಿನ ಬ್ಯಾಪ್ಟಿಸ್ಟ್ ಪಾಸ್ಟರ್ ರಾಬರ್ಟ್ ಜೆಫ್ರೆಸ್ ಬಗ್ಗೆ ಭಾನುವಾರ ನೀವು ಹಾಕಿದ ವರದಿ ಓದಿ ತಲೆ ಕೆಟ್ಟಿದೆ. ‘ಚರ್ಚ್‌ಗಳ ರಾಜಕೀಯಕ್ಕಿದ್ದ ನಿಷೇಧ ರದ್ದು’ ಎಂಬ ಆ ತಲೆಬರಹ ಊರಿನಿಂದ ಇಲ್ಲಿನವರ ವಾಟ್ಸ್‌ಆ್ಯಪ್‌ಗೆ ಬಂದದ್ದೇ ತಡ, ಮೂರು ದಿನದಿಂದ ಫೋನು ಕೆಳಗಿಟ್ಟಿಲ್ಲ. ಇಲ್ಲಿನ ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಅಭ್ಯರ್ಥಿಯೊಬ್ಬರನ್ನು ಕರೆಸಿ, ಶಾಲು ಹೊದಿಸಿ, ವೇದಿಕೆಯಿಂದಲೇ ಮತ ಕೇಳಿಸೋಣ ಎಂದು ಹೊರಟವರಿದ್ದಾರೆ. ಬೇಡ ಎಂದವರ ಮುಖಕ್ಕೆ ನಿಮ್ಮ ಪತ್ರಿಕೆಯ ತುಣುಕನ್ನೇ ಹಿಡಿಯುತ್ತಿದ್ದಾರೆ.

ರದ್ದಾಗಿಲ್ಲ ಸ್ವಾಮಿ. ಸೆನೆಟರ್ ಆಗಿದ್ದಾಗ ಲಿಂಡನ್ ಜಾನ್ಸನ್ 1954ರಲ್ಲಿ ಸೇರಿಸಿದ ಸಾಲು ಅಮೆರಿಕದ ತೆರಿಗೆ ಕಾನೂನಿನಲ್ಲಿ ಹಾಗೇ ಇದೆ. ಅದರ 501(ಸಿ)(3) ಕಲಮಿನ ಅಡಿ ತೆರಿಗೆ ವಿನಾಯಿತಿ ಪಡೆದ, ಚರ್ಚ್‌ನಂಥ ಲಾಭರಹಿತ ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ, ವಿರುದ್ಧವಾಗಿಯೂ ಪ್ರಚಾರಕ್ಕೆ ಇಳಿಯುವಂತಿಲ್ಲ. 2025ರ ಜುಲೈ 7ರಂದು ಆದದ್ದು ಬೇರೆ. ಟೆಕ್ಸಸ್‌ನ ಎರಡು ಚರ್ಚ್‌ಗಳು, ಧಾರ್ಮಿಕ ಪ್ರಸಾರಕರ ಸಂಘ ಮುಂತಾದವರು ಹೂಡಿದ್ದ ದಾವೆಯಲ್ಲಿ ತೆರಿಗೆ ಇಲಾಖೆಯಾದ ಐಆರ್‌ಎಸ್ ಅವರೊಂದಿಗೇ ಸೇರಿ ರಾಜಿ ಅರ್ಜಿ ಹಾಕಿತು. ಆರಾಧನೆಯ ಸಂದರ್ಭದಲ್ಲಿ, ತನ್ನದೇ ಸಭೆಗೆ, ಎಂದಿನ ಮಾಧ್ಯಮದಲ್ಲಿ, ನಂಬಿಕೆಯ ನೆಲೆಯಿಂದ ಚರ್ಚ್ ಚುನಾವಣೆಯ ಮಾತಾಡಿದರೆ ಅದು ಮನೆಮಂದಿ ಕೂತು ಮಾತಾಡಿಕೊಂಡ ಹಾಗೆ, ಪ್ರಚಾರವಲ್ಲ ಎಂಬುದು ಅದರ ಸಾರ. ಅದಕ್ಕೂ ನ್ಯಾಯಾಧೀಶರ ಒಪ್ಪಿಗೆ ಬೇಕಿತ್ತು. ಸಂಸತ್ತು ಮಾಡಿದ ಕಾನೂನನ್ನು ಇಲಾಖೆಯ ಅರ್ಜಿ ಅಳಿಸೀತೇ?

ಕನ್ನಡ ಸಂಘವಂತೂ ಆರಾಧನಾ ಮಂದಿರವೇ ಅಲ್ಲ. ಈ ಸಡಿಲಿಕೆಯ ಒಂದಕ್ಷರವೂ ಅದಕ್ಕೆ ಅನ್ವಯಿಸದು. ಒಬ್ಬ ಅಭ್ಯರ್ಥಿಯನ್ನು ಅಭ್ಯರ್ಥಿಯಾಗಿಯೇ ಕರೆದರೆ ಅದೇ ಕ್ಷೇತ್ರದ ಉಳಿದವರಿಗೂ ಅಂಥದೇ ಅವಕಾಶ ಕೊಡಬೇಕು. ಒಬ್ಬರಿಗೆ ಹಬ್ಬದ ತುಂಬಿದ ಸಭೆ, ಇನ್ನೊಬ್ಬರಿಗೆ ವಾರದ ನಡುವಿನ ಖಾಲಿ ಕುರ್ಚಿಗಳಾದರೆ ಅದು ಸಮಾನ ಅವಕಾಶವಲ್ಲ. ಅಲ್ಲಿ ಚಂದಾ ಎತ್ತುವಂತಿಲ್ಲ. ಸಂಘ ಯಾರ ಪರವೂ ಅಲ್ಲ ಎಂದು ಮೈಕಿನಲ್ಲೇ ಹೇಳಬೇಕು. ತಪ್ಪಿದರೆ ಪ್ರಚಾರಕ್ಕೆ ಖರ್ಚಾದ ಹಣದ ಮೇಲೆ ಸಂಘಕ್ಕೆ ಶೇ 10ರ ದಂಡತೆರಿಗೆ, ಗೊತ್ತಿದ್ದೂ ಒಪ್ಪಿದ ಪದಾಧಿಕಾರಿಗೆ ಸ್ವಂತ ಜೇಬಿನಿಂದ ಶೇ 2.5. ಸರಿಪಡಿಸದೆ ಕೂತರೆ ಸಂಘದ ಮೇಲೆ ಶೇ 100. ವಿನಾಯಿತಿ ಹೋಗುವುದು ಬೇರೆ. ಇದನ್ನು ನಿಮ್ಮ ವರದಿಗಾರರು ಕಟ್ಟಿಕೊಡುತ್ತಾರೆಯೇ?

ಜೆಫ್ರೆಸ್ ಅವರನ್ನು ಎರಡು ಕಡೆ ‘ಬಿಷಪ್’ ಎಂದು ಬರೆದಿದ್ದೀರಿ. ಸದರ್ನ್ ಬ್ಯಾಪ್ಟಿಸ್ಟರಲ್ಲಿ ಆ ಹುದ್ದೆಯೇ ಇಲ್ಲ. ಇದು ಬರೀ ಪದದ ತಪ್ಪಲ್ಲ, ಇಡೀ ವಿಷಯದ ಬೇರು ಅಲ್ಲಿದೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರು ಚುನಾವಣಾ ಭಾಷಣಕ್ಕೆ ನಿಂತರೆ ಬಿಷಪ್ ಕರೆದು ಕೇಳಬಹುದು, ವರ್ಗ ಮಾಡಬಹುದು. ಬ್ಯಾಪ್ಟಿಸ್ಟ್ ಸಭೆ ತನ್ನ ಪಾಸ್ಟರನ್ನು ತಾನೇ ಆರಿಸುತ್ತದೆ. ಕಟ್ಟಡವೂ ಹುಂಡಿಯೂ ಅದರದ್ದೇ. ಡಲ್ಲಾಸಿನ ಫಸ್ಟ್ ಬ್ಯಾಪ್ಟಿಸ್ಟ್‌ನಲ್ಲಿ ಜೆಫ್ರೆಸ್ 2007ರಿಂದ ಇದ್ದಾರೆ. 2013ರಲ್ಲಿ ತೆರೆದ ಹೊಸ ಆವರಣಕ್ಕೆ ಸುಮಾರು 13 ಕೋಟಿ ಡಾಲರ್ ಸುರಿದಿದೆ. ಸಭೆ ಜತೆಗಿರುವ ತನಕ ಮೇಲಿನಿಂದ ಕೇಳುವವರೇ ಇಲ್ಲ.

‘ಇನ್ನು ಮುಂದೆ ಅವರ ಕೈ ಬಿಚ್ಚಿತು’ ಎಂದಿದ್ದೀರಲ್ಲ, ಅವರ ಕೈಯನ್ನು ಕಟ್ಟಿದ್ದಾದರೂ ಯಾವಾಗ? 2011ರಲ್ಲಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸುತ್ತಿದ್ದ ರಿಕ್ ಪೆರಿಗೆ ಬೆಂಬಲ ಕೊಟ್ಟರು, ವ್ಯಕ್ತಿಯಾಗಿ ಹೇಳುತ್ತಿದ್ದೇನೆ ಎಂದರು. ಅಷ್ಟಂದರೆ ಕಾನೂನು ಮುಟ್ಟದು. 2017ರಲ್ಲಿ ಟ್ರಂಪ್ ಪ್ರಮಾಣವಚನದ ಬೆಳಿಗ್ಗೆ ಬೈಬಲಿನ ನೆಹೆಮೀಯ ಜೆರುಸಲೇಮಿನ ಗೋಡೆ ಕಟ್ಟಿದ ಪ್ರಸಂಗ ಹಿಡಿದು ಪ್ರವಚನ ಮಾಡಿದರು. 2018ರ ಮೇನಲ್ಲಿ ಜೆರುಸಲೇಮಿನಲ್ಲಿ ಅಮೆರಿಕದ ರಾಯಭಾರ ಕಚೇರಿ ತೆರೆದಾಗ ಮೊದಲ ಪ್ರಾರ್ಥನೆ ಇವರದು, ಕೊನೆಯದು ಸ್ಯಾನ್ ಆಂಟೋನಿಯೊದ ಪಾಸ್ಟರ್ ಜಾನ್ ಹ್ಯಾಗೀ ಅವರದು. ಚುನಾವಣಾ ವರ್ಷವಾದ 2020ರ ಜೂನ್ 28ರ ಭಾನುವಾರ ಆಗಿನ ಉಪಾಧ್ಯಕ್ಷ ಪೆನ್ಸ್ ಜೆಫ್ರೆಸರ ಚರ್ಚಿನಲ್ಲೇ ಮಾತಾಡಿದರು. 2021ರ ಕ್ರಿಸ್‌ಮಸ್ ಹಿಂದಿನ ಭಾನುವಾರ ಟ್ರಂಪ್ ಅಲ್ಲಿಗೇ ಬಂದರು. ಇಂಥವರು ‘ಇವರಿಗೆ ಮತ ಹಾಕಿ’ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಪ್ರಭಾವ ಇರುವುದು ಟಿವಿಯಲ್ಲಿ, ಅಂಗಳದ ಮತದಾರ ನೋಂದಣಿ ಮೇಜಿನಲ್ಲಿ, ನಾಲ್ಕೈದು ಪ್ರಶ್ನೆಗಳನ್ನೇ ಆರಿಸಿ ಅಚ್ಚು ಹಾಕುವ ಮತದಾರ ಕೈಪಿಡಿಯಲ್ಲಿ. ಪ್ರಶ್ನೆಗಳನ್ನು ಹಾಗೆ ಜೋಡಿಸಿದರೆ ಹೆಸರು ಬರೆಯದೆಯೂ ಉತ್ತರ ಎದ್ದು ಕಾಣುತ್ತದೆ. ವರದಿಯಲ್ಲಿ ಇದರ ಸುಳಿವೇ ಇಲ್ಲ.

ಇನ್ನು ಐಆರ್‌ಎಸ್ ಅಧಿಕಾರಿಗಳು. ಇವರ ಆಲಸ್ಯ ಇವತ್ತಿನದಲ್ಲ. ಪ್ರಚಾರ ಮಾಡಿ ವಿನಾಯಿತಿ ಕಳೆದುಕೊಂಡ ಚರ್ಚ್ ಎಂದು ಎಲ್ಲರೂ ಬೊಟ್ಟು ಮಾಡುವುದು ಒಂದನ್ನೇ: ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಳಿಯದು. ಅದು 1992ರ ಚುನಾವಣೆಗೆ ನಾಲ್ಕು ದಿನ ಮುಂಚೆ ಎರಡು ಪತ್ರಿಕೆಗಳಲ್ಲಿ ಕ್ಲಿಂಟನ್ ವಿರುದ್ಧ ಪುಟಪೂರ್ತಿ ಜಾಹೀರಾತು ಕೊಟ್ಟು, ಅದಕ್ಕೆ ದೇಣಿಗೆಯನ್ನೂ ಕೇಳಿತ್ತು. ಚರ್ಚಿನ ಲೆಕ್ಕ ತೆಗೆಯಬೇಕಾದರೆ ಹಿರಿಯ ಅಧಿಕಾರಿಯೇ ಲಿಖಿತ ಕಾರಣ ಕೊಡಬೇಕೆಂದು 1984ರ ಕಾನೂನು ಹೇಳುತ್ತದೆ. 2006ರಲ್ಲಿ ಮಿನ್ನೆಸೋಟದ ಪಾಸ್ಟರೊಬ್ಬರು ಸಂಸತ್ ಅಭ್ಯರ್ಥಿ ಮಿಷೆಲ್ ಬಾಕ್ಮನ್‌ಗೆ ಬೆಂಬಲ ಘೋಷಿಸಿದಾಗ ಇಲಾಖೆ ವಿಚಾರಣೆ ಶುರುಮಾಡಿತು. ಅದಕ್ಕೆ ಸಹಿ ಮಾಡಿದ ಅಧಿಕಾರಿ ಅಷ್ಟು ಹಿರಿಯರಲ್ಲ ಎಂದು 2009ರಲ್ಲಿ ಕೋರ್ಟ್ ತಳ್ಳಿಹಾಕಿತು. ಯಾರು ಸಹಿ ಮಾಡಬೇಕೆಂದು ತೀರ್ಮಾನಿಸಲು ಇವರಿಗೆ ವರ್ಷಗಟ್ಟಲೆ ಆಗಲಿಲ್ಲ! ಅದೇ 50,000 ಡಾಲರ್ ಒಳಗಿನ ವರಮಾನದ ಸಣ್ಣ ಸಂಘ 990-ಎನ್ ಎಂಬ ಪುಟ್ಟ ಆನ್‌ಲೈನ್ ನಮೂನೆಯನ್ನು ಸತತ ಮೂರು ವರ್ಷ ಮರೆಯಲಿ, ವಿನಾಯಿತಿ ತಾನಾಗಿಯೇ ಬಿದ್ದುಹೋಗುತ್ತದೆ. ಮತ್ತೆ ಪಡೆಯಲು ಹೊಸ ಅರ್ಜಿ, ಹೊಸ ಶುಲ್ಕ. ಸಾವಿರಾರು ಸದಸ್ಯರ ಚರ್ಚ್ ಮಾತ್ರ ವಾರ್ಷಿಕ ಲೆಕ್ಕವನ್ನೇ ಸಲ್ಲಿಸಬೇಕಿಲ್ಲ. ಇದು ಯಾವ ನ್ಯಾಯ?

ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಐಆರ್‌ಎಸ್‌ನವರು ಎಲ್ಲರಿಗೂ ಒಂದೇ ಕಾನೂನು ನಡೆಸಲಿ, ಇಲ್ಲವೇ ಸಣ್ಣ ಸಂಘಗಳನ್ನೂ ಅವುಗಳ ಪಾಡಿಗೆ ಬಿಡಲಿ. ಹಬ್ಬದ ವೇದಿಕೆಯಲ್ಲಿ ಮತ ಕೇಳಲು ಹೊರಟವರೂ ಸುಮ್ಮನಿರಲಿ. ಕೋರ್ಟಿನ ಅರ್ಜಿ ಯಾರು ಬೇಕಾದರೂ ಓದಬಹುದಾದ ಕಾಗದ. ಅದನ್ನು ತೆರೆದೂ ನೋಡದೆ ‘ರದ್ದು’ ಎಂದು ಬರೆಯಲು ನಿಮ್ಮವರಿಗೆ ಮನಸ್ಸಾದರೂ ಹೇಗೆ ಬಂತು?

— ನಿಮ್ಮ ಹಳೆಯ ಓದುಗ, ಡಲ್ಲಾಸ್ ಸಮೀಪ, ಟೆಕ್ಸಸ್